ತೆಳ್ಳಗಿನ ಮೈ, ಏರಿದ ಸಕ್ಕರೆ: ದಕ್ಷಿಣ ಕೊಡಗಿನ ಹಿರಿಯ ಧೂಮಪಾನಿಯೊಬ್ಬರ ಪ್ರಕರಣ

ದೀರ್ಘಕಾಲ ಸಿಗರೇಟು ಸೇದಿದ ಹಿರಿಯರ ವಿಷಯ ಬಂದಾಗ ವೈದ್ಯರ ಗಮನ ಮೊದಲು ಶ್ವಾಸಕೋಶದ ಕಡೆಗೆ, ನಂತರ ಹೃದಯದ ಕಡೆಗೆ ಹೋಗುತ್ತದೆ. ಅದು ಸರಿಯೂ ಹೌದು. ಆದರೆ ಅದೇ ಸಿಗರೇಟು ರಕ್ತದ ಸಕ್ಕರೆ, ರಕ್ತದ ಕೊಬ್ಬು, ಹೊಟ್ಟೆಯೊಳಗಿನ ಬೊಜ್ಜು ಮತ್ತು ಕೈಕಾಲುಗಳ ಸ್ನಾಯುಗಳ ಮೇಲೆ ಏನು ಮಾಡುತ್ತದೆ ಎಂಬುದು ಮನೆಗಳಲ್ಲಿ ಮಾತ್ರವಲ್ಲ, ದವಾಖಾನೆಗಳಲ್ಲಿಯೂ ಮಾತಿಗೆ ಬರುವುದು ಕಡಿಮೆ. ಇಲ್ಲಿ ವಿವರಿಸುತ್ತಿರುವ ಪ್ರಕರಣದಲ್ಲಿ ಸಿಗರೇಟು ಬಿಡಿಸುವುದು ಕಷ್ಟದ ಭಾಗವಾಗಿರಲಿಲ್ಲ. ಬಿಟ್ಟ ನಾಲ್ಕನೆಯ ತಿಂಗಳಲ್ಲಿ ಸಕ್ಕರೆಯ ಅಂಕಿಗಳು ಇಳಿಯುವ ಬದಲು ಏರಿದವು, ಮತ್ತು ಆ ಒಂದು ವರದಿಯಿಂದಾಗಿ ಇಡೀ ಪ್ರಯತ್ನ ಕೈಬಿಟ್ಟುಹೋಗುವ ಹಂತಕ್ಕೆ ಬಂದಿತು. ಅದನ್ನು ವಿವರವಾಗಿ ಬರೆಯುವ ಸಲುವಾಗಿಯೇ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ರೋಗಿಯ ಒಪ್ಪಿಗೆ ಪಡೆದಿದ್ದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.

ರೋಗಿ ಬಂದ ಸಂದರ್ಭ

ರೋಗಿ 67 ವರ್ಷದ ಗಂಡಸು. ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಪೊನ್ನಂಪೇಟೆ ಕಡೆಯ ಹಳ್ಳಿಯೊಂದರಲ್ಲಿ ತಮ್ಮ ಪಾಲಿಗೆ ಬಂದ ಕಾಫಿ ತೋಟವನ್ನು ನೋಡಿಕೊಂಡಿದ್ದವರು. ಮಳೆಗಾಲ ಮುಗಿಯುತ್ತಿದ್ದ ಸೆಪ್ಟೆಂಬರ್ ಕೊನೆಯಲ್ಲಿ ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಹೋದಾಗ ಮಾಮೂಲಿನಂತೆ ರಕ್ತ ಪರೀಕ್ಷೆ ಮಾಡಿಸಿದ್ದರು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 118 ಮಿ.ಗ್ರಾಂ. ಇತ್ತು. ಶಸ್ತ್ರಚಿಕಿತ್ಸೆಗೆ ಇದರಿಂದ ಅಡ್ಡಿ ಇರಲಿಲ್ಲ. ಆದರೂ ಒಮ್ಮೆ ಫಿಸಿಷಿಯನ್‌ಗೆ ತೋರಿಸಿ ಎಂದು ಹೇಳಿ ಕಳುಹಿಸಿದ್ದರು. ಜೊತೆಗೆ ಬಂದಿದ್ದ ಪತ್ನಿಗೆ ವರದಿಯ ಮೇಲೆ ನಂಬಿಕೆಯೇ ಇರಲಿಲ್ಲ. “ಇಷ್ಟು ಸಣಕಲು ಇದ್ದಾರೆ, ಮನೆ ಕಡೆ ಯಾರಿಗೂ ಶುಗರ್ ಇಲ್ಲ, ಇವರಿಗೆ ಎಲ್ಲಿಂದ ಬರುತ್ತದೆ ಡಾಕ್ಟ್ರೇ?” ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು.

ಇಪ್ಪತ್ತನೆಯ ವಯಸ್ಸಿನಲ್ಲಿ ಸೇನೆಗೆ ಸೇರಿದ ವರ್ಷವೇ ಸಿಗರೇಟು ಶುರುವಾಗಿತ್ತು. ಅಂದಿನಿಂದ 47 ವರ್ಷ, ದಿನಕ್ಕೆ ಸರಾಸರಿ 15. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ ಎಂದು ಲೆಕ್ಕ ಹಾಕುವ ರೂಢಿಯ ಪ್ರಕಾರ ಇದು ಸುಮಾರು 35 ಪ್ಯಾಕ್-ವರ್ಷ. ಬೆಳಿಗ್ಗೆ ಎದ್ದು ಐದು ನಿಮಿಷದೊಳಗೆ, ಬೆಲ್ಲದ ಕಾಫಿಯ ಲೋಟ ಕೈಗೆ ಬರುವಷ್ಟರಲ್ಲಿ ಮೊದಲನೆಯದು ಹತ್ತುತ್ತಿತ್ತು. ಜ್ವರ ಬಂದು ಮಲಗಿದಾಗಲೂ ಬಿಟ್ಟವರಲ್ಲ. ನಿಕೋಟಿನ್ ಅವಲಂಬನೆಯನ್ನು ಅಳೆಯುವ ಫಾಗರ್‌ಸ್ಟ್ರೋಮ್ ಪ್ರಶ್ನಾವಳಿಯಲ್ಲಿ 10ಕ್ಕೆ 7 ಬಂದಿತು. ಅಂದರೆ ಅವಲಂಬನೆ ತೀವ್ರವಾಗಿತ್ತು. ಮದ್ಯ ಹಬ್ಬ ಮತ್ತು ಮದುವೆಗಳಿಗೆ ಸೀಮಿತ. ಬೇರೆ ಯಾವ ಔಷಧಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಅವರಾಗಿಯೇ ಹೇಳದ, ಕೇಳಿದ ಮೇಲೆ ಹೊರಬಂದ ಒಂದು ಸಂಗತಿ ಇತ್ತು. ಗೇಟಿನಿಂದ ಮನೆಯವರೆಗಿನ ಏರಿನಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಡುವೆ ಒಮ್ಮೆ ನಿಂತರೆ ಬಿಡುತ್ತಿತ್ತು. ಇದನ್ನು ಅವರು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು.

ಪರೀಕ್ಷೆಯಲ್ಲಿ ಕಂಡದ್ದು

ಎತ್ತರ 168 ಸೆಂ.ಮೀ., ತೂಕ 58 ಕಿಲೊ. ದೇಹ ತೂಕ ಸೂಚ್ಯಂಕ 20.5. ಭಾರತೀಯರಿಗೆ 23ರಿಂದ ಮೇಲೆ ಅಧಿಕ ತೂಕ ಎಂದು ಪರಿಗಣಿಸುವುದರಿಂದ, ಈ ಅಂಕಿಯನ್ನಷ್ಟೇ ನೋಡಿದರೆ ಇವರಲ್ಲಿ ಚಿಂತಿಸುವಂಥದ್ದು ಏನೂ ಇರಲಿಲ್ಲ. ಸೊಂಟದ ಅಳತೆ ತೆಗೆಯುತ್ತೇನೆ ಎಂದಾಗ ಅವರು, ಮಿಲಿಟರಿ ಬಿಟ್ಟಾಗಿನಿಂದ ಬೆಲ್ಟಿನ ತೂತು ಬದಲಾಗಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಆ ಮಾತು ಸುಳ್ಳಲ್ಲ. ಬೆಲ್ಟು ಕಟ್ಟುತ್ತಿದ್ದ ಜಾಗ ಮಾತ್ರ ವರ್ಷದಿಂದ ವರ್ಷಕ್ಕೆ ಕೆಳಗಿಳಿದು ಹೊಟ್ಟೆಯ ಅಡಿಗೆ ಬಂದಿತ್ತು. ಬೆಲ್ಟಿನ ಜಾಗದಲ್ಲಿ 84 ಸೆಂ.ಮೀ. ಬಂದರೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸರಿಯಾಗಿ ಟೇಪು ಹಿಡಿದಾಗ 93 ಸೆಂ.ಮೀ. ಬಂದಿತು. ದಕ್ಷಿಣ ಏಷ್ಯಾದ ಗಂಡಸರಿಗೆ ಮಿತಿ 90.

ರಕ್ತದೊತ್ತಡ 142/84. ರಕ್ತದ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 212, ಒಳ್ಳೆಯ ಕೊಬ್ಬು ಎಂದು ಕರೆಯುವ ಎಚ್‌ಡಿಎಲ್ 33, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.2. ಮಧುಮೇಹ ಮತ್ತು ಹೃದ್ರೋಗದ ಅಪಾಯ ಹೆಚ್ಚಿಸುವ ಲಕ್ಷಣಗಳ ಗುಂಪನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಅದು ಇದೆ ಎಂದು ಹೇಳಲು ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ರಕ್ತದೊತ್ತಡ ಮತ್ತು ಖಾಲಿ ಹೊಟ್ಟೆಯ ಸಕ್ಕರೆ ಎಂಬ ಐದು ಲಕ್ಷಣಗಳಲ್ಲಿ ಮೂರು ಇದ್ದರೆ ಸಾಕು. ತಕ್ಕಡಿಯ ಮೇಲೆ ಸಣಕಲಾಗಿ ಕಾಣುವ ಈ ವ್ಯಕ್ತಿಯಲ್ಲಿ ಐದೂ ಇದ್ದವು. ಹಿಮೋಗ್ಲೋಬಿನ್ 17.4 ಇತ್ತು, ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಂಡಾಗ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸಿ ಸರಿದೂಗಿಸಲು ನೋಡುತ್ತದೆ. ಇದನ್ನು ಅನೇಕರು ಒಳ್ಳೆಯ ರಕ್ತ ಎಂದುಕೊಂಡು ಸಂತೋಷಪಡುವುದನ್ನು ಕಂಡಿದ್ದೇನೆ. ಬಲಗಾಲಿನ ಹರಡು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.82, ಇದು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ಏರಿನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿದ್ದುದಕ್ಕೆ ಕಾರಣ ಅಲ್ಲಿತ್ತು. ಎದೆಯ ಎಕ್ಸ್‌ರೇಯಲ್ಲಿ ವಿಶೇಷವೇನೂ ಇರಲಿಲ್ಲ, ಮೂತ್ರಪಿಂಡ ಚೆನ್ನಾಗಿತ್ತು, ಉಸಿರಾಟದ ಪರೀಕ್ಷೆಯಲ್ಲಿ ಸ್ವಲ್ಪ ಅಡಚಣೆ ಕಂಡಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅವರ ಕಾಲುಗಳು. ಮೀನಖಂಡದ ಸುತ್ತಳತೆ 31.5 ಸೆಂ.ಮೀ. ಏಷ್ಯಾದ ಗಂಡಸರಲ್ಲಿ ಅದು 34ಕ್ಕಿಂತ ಕಡಿಮೆಯಾದರೆ ಸ್ನಾಯು ಸವೆದಿದೆಯೇ ಎಂದು ಪರೀಕ್ಷಿಸಬೇಕು. ಕೈಯಾಸರೆ ಇಲ್ಲದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಅವರಿಗೆ 16 ಸೆಕೆಂಡು ಬೇಕಾಯಿತು; 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ತಗುಲಿದರೆ ಶಕ್ತಿ ಕುಂದಿದೆ ಎಂದು ಲೆಕ್ಕ. ಸೇನೆಯಿಂದ ನಿವೃತ್ತರಾದಾಗಿನ ಕಾಗದಪತ್ರದಲ್ಲಿ ತೂಕ 64 ಕಿಲೊ ಎಂದಿತ್ತು. ಆರು ಕಿಲೊ ಕಡಿಮೆಯಾಗಿದೆ, ಹೊಟ್ಟೆ ಬೆಳೆದಿದೆ, ಕಾಲು ಸಣ್ಣಗಾಗಿದೆ. ಹೋದದ್ದು ಬಹುಪಾಲು ಸ್ನಾಯು, ಸೇರಿದ್ದು ಕೊಬ್ಬು ಎಂಬುದನ್ನು ಬೇರೆ ಯಾವ ದುಬಾರಿ ಪರೀಕ್ಷೆಯೂ ಇಲ್ಲದೆ ಟೇಪು ಮತ್ತು ಕುರ್ಚಿಯೇ ಹೇಳಿದ್ದವು.

ಸಿಗರೇಟಿಗೂ ಸಕ್ಕರೆಗೂ ಏನು ಸಂಬಂಧ

ಪತ್ನಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿಕೋಟಿನ್ ದೇಹಕ್ಕೆ ಹೋದ ಪ್ರತಿ ಸಲವೂ ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಅದರಿಂದ ಕೋಶಗಳಲ್ಲಿ ಶೇಖರವಾದ ಕೊಬ್ಬು ಕರಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಬರುತ್ತವೆ, ಯಕೃತ್ತು ಮತ್ತು ಸ್ನಾಯುಗಳು ಆ ಕೊಬ್ಬಿನಾಮ್ಲಗಳನ್ನು ಹೀರಿಕೊಂಡಷ್ಟೂ ಇನ್ಸುಲಿನ್ನಿನ ಮಾತಿಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕೂಡ ಏರುವುದರಿಂದ ಕೊಬ್ಬು ಚರ್ಮದಡಿಯ ಬದಲು ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುತ್ತದೆ. ಹೊಗೆಯಿಂದ ದೇಹದಾದ್ಯಂತ ನಿರಂತರವಾಗಿ ಉಳಿಯುವ ಸಣ್ಣ ಪ್ರಮಾಣದ ಉರಿಯೂತ ಇದನ್ನು ಹೆಚ್ಚಿಸುತ್ತದೆ. ಇದರ ಜೊತೆಗೆ ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ಸುಮ್ಮನೆ ಕುಳಿತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯನ್ನು ತುಸು ಏರಿಸುತ್ತದೆ. ಹಾಗಾಗಿ ಒಟ್ಟು ತೂಕ ಕಡಿಮೆಯಾಗಿಯೇ ಉಳಿದು, ಒಳಗಿನ ರೋಗ ಹೊರಗೆ ಕಾಣಿಸುವುದಿಲ್ಲ. ಸೇದದವರಿಗೆ ಹೋಲಿಸಿದರೆ ಸೇದುವವರಿಗೆ ಎರಡನೆಯ ಬಗೆಯ ಮಧುಮೇಹ ಬರುವ ಸಂಭವ 30ರಿಂದ 40 ಶೇಕಡದಷ್ಟು ಹೆಚ್ಚು ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿದೆ. ಹೆಚ್ಚು ಸೇದಿದಷ್ಟೂ ಈ ಸಂಭವವೂ ಹೆಚ್ಚು. ಅಂದಹಾಗೆ, ಕಣ್ಣಿನ ಪೊರೆಗೂ ಸಿಗರೇಟು ಒಂದು ಕಾರಣವೇ.

ಬಿಡಿಸುವ ಕೆಲಸ

ಬಿಡುವ ದಿನವನ್ನು ಅವರೇ ಆರಿಸಿಕೊಂಡರು: ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ. ಕಣ್ಣಿನ ಶಸ್ತ್ರಚಿಕಿತ್ಸೆ ಅದಕ್ಕೂ ಮೊದಲೇ ಮುಗಿದಿತ್ತು. ಕಾಲಿನ ರಕ್ತನಾಳದ ರೋಗಕ್ಕಾಗಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಪ್ರಾರಂಭಿಸಲಾಯಿತು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾಗುವವರಿಗೆ 2 ಮಿ.ಗ್ರಾಂ. ನಿಕೋಟಿನ್ ಗಮ್ ಸಾಲದು, ಆದ್ದರಿಂದ 4 ಮಿ.ಗ್ರಾಂ. ಬರೆದುಕೊಟ್ಟೆ. ನಿಕೋಟಿನ್ ಕೂಡ ಇನ್ಸುಲಿನ್ನಿಗೆ ಅಡ್ಡಿ ಮಾಡುವುದರಿಂದ ಅದನ್ನು ಸುಮಾರು 12 ವಾರಗಳಲ್ಲಿ ಇಳಿಸುತ್ತಾ ನಿಲ್ಲಿಸುವುದೆಂದು ಮೊದಲೇ ನಿರ್ಧರಿಸಿದೆವು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಸಿಗರೇಟಿನ ಪ್ಯಾಕಿನ ಮೇಲೆಯೇ ಮುದ್ರಿತವಾಗಿದೆ. ಅದನ್ನು ಮಗಳ ಫೋನಿನಲ್ಲಿ ಉಳಿಸಿಕೊಟ್ಟೆವು.

ಕೊಡಗಿನಲ್ಲಿ ಸಿಗರೇಟು ಬಿಡಿಸುವವರು ಕಾಫಿಯ ಬಗ್ಗೆ ತಪ್ಪದೆ ವಿಚಾರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಗಮ್‌ನ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ರಕ್ತಕ್ಕೆ ಸೇರಬೇಕು. ಕಾಫಿಯಿಂದ ಬಾಯಿ ಹುಳಿಯಾದಾಗ ಅದು ಹೀರಿಕೆಯಾಗದೆ ಹೊಟ್ಟೆಗೆ ಹೋಗಿ ಎದೆಯುರಿ ತರುತ್ತದೆ. ಕಾಫಿ ಕುಡಿದು 15 ನಿಮಿಷವಾದರೂ ಕಳೆಯಬೇಕು. ಗಮ್ ಅನ್ನು ಚಿಂಗಮ್ಮಿನ ಹಾಗೆ ಒಂದೇ ಸಮನೆ ಜಗಿಯಲೂ ಬಾರದು, ನಾಲಿಗೆಗೆ ಖಾರ ತಟ್ಟಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದದ್ದು, ಆದರೆ ಕಡಿಮೆ ಜನಕ್ಕೆ ಗೊತ್ತಿರುವಂಥದ್ದು. ಹೊಗೆಯಲ್ಲಿರುವ ಟಾರಿನ ಅಂಶಗಳು ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿರುತ್ತವೆ. ಸಿಗರೇಟು ಬಿಟ್ಟ ಸುಮಾರು ಒಂದು ವಾರದಲ್ಲಿ ಆ ಕಿಣ್ವ ಸಹಜ ಸ್ಥಿತಿಗೆ ಮರಳುತ್ತದೆ, ಆಗ ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದು ನಿಕೋಟಿನ್ನಿನ ಪರಿಣಾಮವಲ್ಲವಾದ್ದರಿಂದ ಗಮ್ ಜಗಿದರೂ ತಪ್ಪುವುದಿಲ್ಲ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುತ್ತಿರುವ ಹಿರಿಯರಲ್ಲಿ ಆ ಔಷಧಿಯ ಪ್ರಮಾಣವೂ ಇದೇ ರೀತಿ ಏರುವುದರಿಂದ, ಅಂಥವರು ಸಿಗರೇಟು ಬಿಡುವ ಮುನ್ನ ವೈದ್ಯರಿಗೆ ತಿಳಿಸುವುದು ಅತ್ಯಗತ್ಯ.

ಮೊದಲ ತಿಂಗಳು ನಿರೀಕ್ಷೆಗಿಂತ ಸುಲಭವಾಗಿ ಕಳೆಯಿತು. ಡಿಸೆಂಬರ್‌ನಲ್ಲಿ ವಿರಾಜಪೇಟೆಯ ಮದುವೆಯೊಂದರಲ್ಲಿ ಹಳೆಯ ಸ್ನೇಹಿತರ ಜೊತೆ ಎರಡು ಸಿಗರೇಟು ಸೇದಿ, ಮರುದಿನವೇ ಅದನ್ನು ಫೋನಿನಲ್ಲಿ ಹೇಳಿದರು. ಅದನ್ನು ಸೋಲೆಂದು ಎಣಿಸದೆ ಗಮ್ ಮುಂದುವರಿಸಿದೆವು.

ನಾಲ್ಕನೆಯ ತಿಂಗಳು

ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲಿನ ಗಡಿಬಿಡಿಯ ನಡುವೆ ಅವರು ಮತ್ತೆ ಬಂದಾಗ ಪತ್ನಿಯ ಜೊತೆ ಮೈಸೂರಿನಿಂದ ಮಗಳೂ ಬಂದಿದ್ದರು. ತೂಕ 62.5 ಕಿಲೊ. ಸೊಂಟ 95 ಸೆಂ.ಮೀ. ಖಾಲಿ ಹೊಟ್ಟೆಯ ಸಕ್ಕರೆ 129, ಎಚ್‌ಬಿಎ1ಸಿ 6.6. ಒಂದೇ ರಕ್ತದ ಮಾದರಿಯಲ್ಲಿ ಇವೆರಡೂ 126 ಮತ್ತು 6.5ರ ಮಿತಿಯನ್ನು ದಾಟಿದ್ದರಿಂದ ಇದು ಮಧುಮೇಹವೇ ಎಂದು ಹೇಳಬೇಕಾಯಿತು. ಜೊತೆಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಎದೆ ಡವಗುಟ್ಟುತ್ತಿತ್ತು, ಸಣ್ಣ ಮಾತಿಗೂ ಸಿಟ್ಟು. ಪತ್ನಿ ನೇರವಾಗಿಯೇ ಕೇಳಿದರು: “ಸಿಗರೇಟು ಸೇದುತ್ತಿದ್ದಾಗಲೇ ಶುಗರ್ ಕಡಿಮೆ ಇತ್ತಲ್ಲ ಡಾಕ್ಟ್ರೇ. ದಿನಕ್ಕೆ ನಾಲ್ಕಾದರೂ ಸೇದಲಿ ಬಿಡಿ, ಇವರ ಅವಸ್ಥೆ ನೋಡುವುದಕ್ಕಾಗುವುದಿಲ್ಲ.”

ಈ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಅವರು ಕಾಗದದಲ್ಲಿದ್ದ ಅಂಕಿಗಳನ್ನು ಸರಿಯಾಗಿಯೇ ಓದಿದ್ದರು. ಸಿಗರೇಟು ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕಿಲೊ ಏರುತ್ತದೆ ಎಂಬುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಅಮೆರಿಕದ ದೊಡ್ಡ ಸಮೂಹಗಳನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಟ್ಟ ಮೊದಲ ಕೆಲವು ವರ್ಷ ಮಧುಮೇಹದ ಸಂಭವ ಸೇದುತ್ತಿರುವವರಿಗಿಂತಲೂ ಹೆಚ್ಚಾಗಿ, ಐದರಿಂದ ಏಳನೆಯ ವರ್ಷದಲ್ಲಿ ತುದಿ ಮುಟ್ಟಿ, ಆಮೇಲೆ ಕ್ರಮೇಣ ಇಳಿಯುವುದು ಕಂಡುಬಂದಿತು. ಆ ಏರಿಕೆ ಕಾಣಿಸಿದ್ದು ತೂಕ ಹೆಚ್ಚಿಸಿಕೊಂಡವರಲ್ಲಿ. ತೂಕ ಹೆಚ್ಚದೆ ಉಳಿದವರಲ್ಲಿ ಕಾಣಿಸಲಿಲ್ಲ. ಸಾವಿನ ಸಂಭವದ ವಿಷಯದಲ್ಲಂತೂ, ತೂಕ ಎಷ್ಟೇ ಏರಿರಲಿ, ಬಿಟ್ಟವರೇ ಸೇದುವವರಿಗಿಂತ ಸುರಕ್ಷಿತರಾಗಿದ್ದರು. ಇದನ್ನು ಕಾಗದದ ಮೇಲೆ ಎರಡು ಗೆರೆ ಎಳೆದು ಮೂವರಿಗೂ ವಿವರಿಸಿದೆ. ಅದೇ ವರದಿಯಲ್ಲಿ ಎಚ್‌ಡಿಎಲ್ 33ರಿಂದ 39ಕ್ಕೆ ಏರಿದ್ದನ್ನು, ಹಿಮೋಗ್ಲೋಬಿನ್ 16ಕ್ಕೆ ಇಳಿದಿದ್ದನ್ನು, ರಕ್ತದೊತ್ತಡ 132/80 ಆಗಿದ್ದನ್ನು ತೋರಿಸಿದೆ. ಅರವತ್ತನೆಯ ವಯಸ್ಸಿನಲ್ಲಿ ಬಿಟ್ಟವರಿಗೂ ಸರಾಸರಿ ಮೂರು ವರ್ಷದ ಆಯುಸ್ಸು ದಕ್ಕುತ್ತದೆ ಎಂದು ರಿಚರ್ಡ್ ಡಾಲ್ ಮತ್ತು ಸಂಗಡಿಗರು ಬ್ರಿಟಿಷ್ ವೈದ್ಯರನ್ನು 50 ವರ್ಷ ಗಮನಿಸಿ 2004ರಲ್ಲಿ ತೋರಿಸಿಕೊಟ್ಟ ವಿಷಯ ಮಗಳ ಮನಸ್ಸಿಗೆ ನಾಟಿತು.

ಆದರೆ ವಿವರಣೆ ಮಾತ್ರ ಸಾಲದು. ಈ ಮನೆಯಲ್ಲಿ ಏರಿಕೆ ಎಲ್ಲಿಂದ ಬಂದಿತು ಎಂಬುದನ್ನು ಹುಡುಕಬೇಕಿತ್ತು. ದಿನಚರಿ ಕೇಳುತ್ತಾ ಹೋದಂತೆ ಅದು ಸಿಕ್ಕಿತು. ಸಿಗರೇಟಿನ ನೆನಪಾದಾಗಲೆಲ್ಲ ಅವರು ಕಾಫಿ ಕೇಳುತ್ತಿದ್ದರು. ಮೊದಲು ದಿನಕ್ಕೆ ನಾಲ್ಕು ಲೋಟ ಇದ್ದದ್ದು ಎಂಟಾಗಿತ್ತು, ಎಲ್ಲವೂ ಬೆಲ್ಲದ ಕಾಫಿ. ಬೆಲ್ಲದಿಂದ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಮತ್ತು ಅದು ತಪ್ಪು. ಬೆಲ್ಲದ ಬಹುಭಾಗ ಸಕ್ಕರೆಯೇ. ಲೋಟಕ್ಕೆ 10 ಗ್ರಾಂ ಎಂದರೂ ದಿನಕ್ಕೆ 80 ಗ್ರಾಂ ಬೆಲ್ಲ, ಸುಮಾರು 300 ಕಿಲೊಕ್ಯಾಲೊರಿ. ಇನ್ನು ಕೆಫೀನ್: ಕಿಣ್ವ ನಿಧಾನವಾದದ್ದು ಒಂದು ಕಡೆ, ಲೋಟಗಳು ಇಮ್ಮಡಿಯಾದದ್ದು ಇನ್ನೊಂದು ಕಡೆ, ಹೀಗೆ ರಕ್ತದಲ್ಲಿ ಅದರ ಪ್ರಮಾಣ ಮೊದಲಿನ ನಾಲ್ಕು ಪಟ್ಟಿನ ಹತ್ತಿರ ಹೋಗಿರಬೇಕು. ನಿದ್ದೆಗೇಡು, ಎದೆಬಡಿತ ಮತ್ತು ಸಿಟ್ಟು ಸಿಗರೇಟು ಬಿಟ್ಟದ್ದರಿಂದ ಬಂದವು ಎಂದು ಮನೆಯವರೆಲ್ಲ ತಿಳಿದಿದ್ದರು. ನಾಲ್ಕು ತಿಂಗಳ ಮೇಲೂ ಅದು ನಿಕೋಟಿನ್ ಬಿಟ್ಟ ತಳಮಳವೇ ಆಗಿರುವ ಸಾಧ್ಯತೆ ಕಡಿಮೆ.

ಹಾಗಾಗಿ ಚಿಕಿತ್ಸೆ ಅಡುಗೆಮನೆಯಿಂದ ಶುರುವಾಯಿತು. ಕಾಫಿ ದಿನಕ್ಕೆ ಎರಡು ಲೋಟ, ಬೆಲ್ಲವಿಲ್ಲದೆ, ಮಧ್ಯಾಹ್ನದ ಮೇಲೆ ಇಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ, ನೂಪುಟ್ಟು ಅಥವಾ ಕಡಂಬುಟ್ಟು, ಮಧ್ಯಾಹ್ನ ಮತ್ತು ರಾತ್ರಿ ಅನ್ನ, ಹೀಗೆ ಮೂರು ಹೊತ್ತೂ ಅಕ್ಕಿಯೇ ಇರುವ ಊಟದಲ್ಲಿ ಅಕ್ಕಿಯನ್ನು ನಿಷೇಧಿಸುವುದು ನಡೆಯುವ ಮಾತಲ್ಲ. ರೊಟ್ಟಿ ಮೂರರ ಬದಲು ಎರಡಾಗಿ, ಉಳಿದ ಜಾಗಕ್ಕೆ ಮೊಟ್ಟೆ, ಮೀನು, ಮೊಳಕೆ ಕಾಳು ಮತ್ತು ತರಕಾರಿ ಬಂದವು. ತೂಕ ಇಳಿಸುವ ಆತುರ ಬೇಡ ಎಂದು ನಾನು ಒತ್ತಿ ಹೇಳಿದೆ. ಸವೆದ ಸ್ನಾಯುವಿರುವ ಹಿರಿಯರನ್ನು ಅರೆಹೊಟ್ಟೆಯಲ್ಲಿಟ್ಟರೆ ಕೊಬ್ಬಿನ ಜೊತೆ ಉಳಿದ ಸ್ನಾಯುವೂ ಹೋಗುತ್ತದೆ. ಸಕ್ಕರೆಯನ್ನು ಬಳಸಿಕೊಳ್ಳುವ ಮುಖ್ಯ ಅಂಗವೇ ಸ್ನಾಯು. ನಮ್ಮ ಗುರಿ ಸೊಂಟದ ಸುತ್ತಳತೆ ಇಳಿಯುವುದು ಮತ್ತು ಮೀನಖಂಡ ದಪ್ಪವಾಗುವುದು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ 500 ಮಿ.ಗ್ರಾಂ. ದಿನಕ್ಕೆರಡು ಸಲ ಪ್ರಾರಂಭಿಸಿದೆವು.

ನಡಿಗೆಗೆ ಬೇರೆ ಜಾಗ ಬೇಕಾಗಲಿಲ್ಲ. ಗೇಟಿನ ಏರನ್ನೇ ಕಾಲು ಹಿಡಿದುಕೊಳ್ಳುವವರೆಗೆ ಹತ್ತುವುದು, ನೋವು ಹೋಗುವವರೆಗೆ ನಿಲ್ಲುವುದು, ಮತ್ತೆ ಹತ್ತುವುದು. ಇಳಿಯುವುದೂ ಸೇರಿ ಅರ್ಧ ಗಂಟೆ. ಕಾಲಿನ ರಕ್ತನಾಳದ ರೋಗಕ್ಕೆ ಇಂಥ ನಡಿಗೆಯೇ ಚಿಕಿತ್ಸೆ ಎಂಬುದನ್ನು ಅನೇಕರು ನಂಬುವುದಿಲ್ಲ, ನೋವು ಬಂದರೆ ವಿಶ್ರಾಂತಿಯೇ ಮದ್ದು ಎಂದುಕೊಳ್ಳುತ್ತಾರೆ. ಜೂನ್‌ನಿಂದ ಮಳೆ ಹಿಡಿದು ಏರು ಜಾರತೊಡಗಿದ ಮೇಲೆ ಜಗಲಿಯಲ್ಲೇ ಅತ್ತಿಂದಿತ್ತ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು ಹತ್ತರಂತೆ ಮೂರು ಸುತ್ತು. ಆ ಸುತ್ತುಗಳನ್ನು ಪತ್ನಿಯೇ ಎಣಿಸುತ್ತಿದ್ದರು.

ವರ್ಷದ ನಂತರ

ಎರಡು ವಾರದಲ್ಲಿ ನಿದ್ದೆ ಮರಳಿತು. ಗಮ್ ಮಾರ್ಚ್‌ನಲ್ಲಿ ನಿಂತಿತು, ಅಂದುಕೊಂಡದ್ದಕ್ಕಿಂತ ತಡವಾಗಿ. ಮುಂದಿನ ಕಾವೇರಿ ಸಂಕ್ರಮಣದ ವಾರದಲ್ಲಿ ನೋಡಿದಾಗ ತೂಕ 61 ಕಿಲೊ, ಸೊಂಟ 90.5, ಮೀನಖಂಡ 32.8 ಸೆಂ.ಮೀ. ಖಾಲಿ ಹೊಟ್ಟೆಯ ಸಕ್ಕರೆ 107, ಎಚ್‌ಬಿಎ1ಸಿ 6.1, ಟ್ರೈಗ್ಲಿಸರೈಡ್ 148, ಎಚ್‌ಡಿಎಲ್ 42, ಹಿಮೋಗ್ಲೋಬಿನ್ 15.3. ಕುರ್ಚಿಯಿಂದ ಐದು ಸಲ ಏಳಲು 11 ಸೆಕೆಂಡು. ಮೊದಲ ಭೇಟಿಗಿಂತ ಮೂರು ಕಿಲೊ ಹೆಚ್ಚಿದ್ದರೂ ಚಯಾಪಚಯದ ಬಹುತೇಕ ಅಳತೆಗಳಲ್ಲಿ ಆರೋಗ್ಯ ಸುಧಾರಿಸಿತ್ತು. ಇದರಲ್ಲಿ ಔಷಧಿಗಳ ಪಾಲೆಷ್ಟು, ಸಿಗರೇಟು ಬಿಟ್ಟದ್ದರ ಪಾಲೆಷ್ಟು, ಊಟ ಮತ್ತು ನಡಿಗೆಯದೆಷ್ಟು ಎಂದು ಒಬ್ಬ ರೋಗಿಯ ಪ್ರಕರಣದಿಂದ ಬೇರ್ಪಡಿಸಿ ಹೇಳಲಾಗದು.

ಬದಲಾಗದೆ ಉಳಿದದ್ದೂ ಇದೆ. ಬಲಗಾಲಿನ ಅನುಪಾತ 0.84, ಕಿರಿದಾದ ನಾಳ ಹಾಗೆಯೇ ಇದೆ, ಆದರೆ ಗೇಟಿನಿಂದ ಮನೆಯವರೆಗೆ ಅವರು ಈಗ ನಿಲ್ಲದೆ ಬರುತ್ತಾರೆ. ಉಸಿರಾಟದ ಅಡಚಣೆ ಹೆಚ್ಚಿಲ್ಲ, ಕಡಿಮೆಯಾಗಿಯೂ ಇಲ್ಲ. ಸ್ಟ್ಯಾಟಿನ್, ಆಸ್ಪಿರಿನ್, ಟೆಲ್ಮಿಸಾರ್ಟನ್ ಮತ್ತು ಮೆಟ್‌ಫಾರ್ಮಿನ್ ಮುಂದುವರಿಯುತ್ತಿವೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮತ್ತು ಸೊಂಟದ ಅಳತೆ, ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಪಾದ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ನಿಗದಿಯಾಗಿದೆ. ಬಿಟ್ಟ ನಂತರದ ಮಧುಮೇಹದ ಅಪಾಯ ಇನ್ನೂ ಕೆಲವು ವರ್ಷ ಇರುವುದರಿಂದ ಅಂಕಿಗಳು ಮತ್ತೊಮ್ಮೆ ಏರಬಹುದು ಎಂಬುದನ್ನು ಈ ಸಲ ದಂಪತಿಗೆ ಮುಂಚಿತವಾಗಿಯೇ ಹೇಳಿ, ಏರಿದರೆ ಮೊದಲು ಕಾಫಿಯ ಲೋಟ ಮತ್ತು ರೊಟ್ಟಿಯ ಲೆಕ್ಕ ನೋಡಿ ನನಗೆ ಫೋನು ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.